ಬಸವನಗುಡಿಯ ಬಂಗಲೆ: ಬೆಲೆ ಇರೋದು ಬೆರಕೆಯಲ್ಲೇ

ಎರಡು ಮಹಾಯುದ್ಧಗಳ ನಡುವೆ ಕಟ್ಟಿದ ಬಂಗಲೆಗಳ ಬಗ್ಗೆ ನಾನು ಜಾಸ್ತಿ ಕೇಳುವ ಮಾತು, "ಇದು ಅಷ್ಟೇನೂ ಹಳೇದಲ್ಲ ಅಲ್ವಾ?" 1958ರ ಪುರಾತನ ಸ್ಮಾರಕಗಳ ಕಾಯ್ದೆಯೂ ಕನಿಷ್ಠ ನೂರು ವರ್ಷ ಕೇಳುತ್ತದೆ. ಇನ್ನೊಂದು ಮಾತು, "ಶೈಲಿ ಯಾವುದು ಅಂತ ಹೇಳೋಕೇ ಬರಲ್ಲ, ಎಲ್ಲಾ ಬೆರಕೆ." ಹಳೆ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ. ಆ ಬೆರಕೆಯೇ ಈ ಮನೆಗಳ ಬೆಲೆ ಅಂತ ನಾನು ನಂಬಿದ್ದೇನೆ. ಬಸವನಗುಡಿಯ ಒಂದು ಬಂಗಲೆಗೆ ವರದಿ ಬರೆಯುವಾಗ ಅದನ್ನು ಒಂದೊಂದೇ ಗುರುತು ಹಿಡಿದು ತೋರಿಸಬೇಕಾಯಿತು.

ಮನೆಯ ಒಡತಿಗೆ ವಯಸ್ಸಾಗಿತ್ತು. ಮಕ್ಕಳಲ್ಲಿ ಒಬ್ಬರಿಗೆ ಮನೆ ಉಳಿಸುವ ಆಸೆ, ಇನ್ನೊಬ್ಬರಿಗೆ ಕೆಡವಿ ಕಟ್ಟುವ ಆಸೆ. "ಏನು ಉಳಿಸಬೇಕು, ಏನು ಬಿಡಬಹುದು ಅಂತ ಬರೆದುಕೊಡಿ, ಆಮೇಲೆ ಕೂತು ಮಾತಾಡ್ತೀವಿ" ಎಂದರು ಆ ಅಮ್ಮ. ಇದಕ್ಕಿಂತ ಒಳ್ಳೆಯ ಬೇಡಿಕೆ ಈ ಕೆಲಸದಲ್ಲಿ ಸಿಗುವುದಿಲ್ಲ.

ಮೊದಲು ವಯಸ್ಸು ಗೊತ್ತಾಗಬೇಕಿತ್ತು. ಮಾಡಿನ ಹೆಂಚಿನ ಮೇಲೆ 1865 ಎಂದು ಅಚ್ಚೊತ್ತಿತ್ತು, ಹಾಗಾಗಿ ಮನೆಯೂ ಅಷ್ಟು ಹಳೆಯದು ಅಂತ ಮನೆಯವರ ನಂಬಿಕೆ. ಆದರೆ 1865 ಅಂದರೆ ಬಾಸೆಲ್ ಮಿಷನ್ ಎಂಬ ಯುರೋಪಿನ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಹೆಂಚು ಸುಟ್ಟ ವರ್ಷ ಅಲ್ಲ. ಬಸವನಗುಡಿ ಬಡಾವಣೆ ರೂಪುಗೊಂಡದ್ದೇ 1898ರ ಪ್ಲೇಗಿನ ನಂತರ. ವರ್ಷಕ್ಕಿಂತ ಹೆಸರು ನೋಡಬೇಕು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ಶತ್ರು ಆಸ್ತಿ ಎಂದು ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಈ ಮನೆಯ ಹೆಂಚಿನ ಮೇಲೆ ಇದ್ದದ್ದು ಆ ಟ್ರಸ್ಟಿನ ಹೆಸರು. ಅಂದರೆ ಆ ಹೆಂಚು ಯುದ್ಧಕ್ಕಿಂತ ಮುಂಚಿನದು ಆಗಲು ಸಾಧ್ಯವೇ ಇಲ್ಲ.

ಹೆಂಚು ಒಡೆದರೆ ಬೇರೆ ಹಾಕುತ್ತಾರೆ, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬಾರದು. ನಾನು ಮಾಡಿನ ಬೇರೆ ಬೇರೆ ಕಡೆ ಹೆಂಚು ಎತ್ತಿ ನೋಡಿದೆ. ಕೆಳಗಿನ ತೇಗದ ಪಟ್ಟಿಗಳಲ್ಲಿ ಹಳೆ ಮೊಳೆಯ ಖಾಲಿ ತೂತುಗಳಿವೆಯೇ ಎಂದು ಹುಡುಕಿದೆ. ಇರಲಿಲ್ಲ. ಮಾಡನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕೂರಿಸಿದ್ದಲ್ಲ ಅಂತ ಖಾತ್ರಿಯಾಯಿತು. ಆಮೇಲೆ ಕಾಗದ ಪತ್ರ. 1949ರವರೆಗೆ ನಗರದ ಮುನಿಸಿಪಾಲಿಟಿಯೇ ಬೇರೆ, ದಂಡಿನ (ಕಂಟೋನ್ಮೆಂಟ್) ಮುನಿಸಿಪಾಲಿಟಿಯೇ ಬೇರೆ. ಬಸವನಗುಡಿಯ ಹಳೆ ದಾಖಲೆಗಳನ್ನು ನಗರದ ಕಡೆ ಹುಡುಕಬೇಕು. ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಕ್ರಯಪತ್ರದಲ್ಲಿ ಇದು ಖಾಲಿ ನಿವೇಶನ. ಮುಂದಿನ ಅಡಮಾನ ಪತ್ರದಲ್ಲಿ ಹೆಂಚಿನ ಮನೆ. ಮನೆ ಎದ್ದದ್ದು ಆ ಎರಡರ ನಡುವೆ. ಹಳೆ ಪತ್ರ ಕೈಗೆ ಸಿಕ್ಕರೆ ಚಕ್ಕುಬಂದಿಯನ್ನು ತಪ್ಪದೆ ಓದಿ. ನಾಲ್ಕೂ ದಿಕ್ಕಿಗೆ ಏನಿತ್ತು ಅಂತ ಅದರಲ್ಲಿರುತ್ತದೆ, ಎಷ್ಟೋ ಸಲ ನಕ್ಷೆಯಲ್ಲೂ ಸಿಗದ ವಿಷಯ.

ಗೋಡೆಗಳು ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ. ಚಾಕುವಿನ ತುದಿಯಿಂದ ಕೆರೆದರೆ ಸುಣ್ಣದ ಗಾರೆ ಪುಡಿಯಾಗಿ ಉದುರುತ್ತದೆ, ಸಿಮೆಂಟು ಸುಲಭಕ್ಕೆ ಜಗ್ಗುವುದಿಲ್ಲ. ಮುಂದಿನ ವರಾಂಡದ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್, ಅಂದರೆ ಚೂಪು ತುದಿಯ ಮುಸುಕಿನಂಥ ಮುಚ್ಚಿಗೆ. ಹಾಲ್‌ಗೆ ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ನಿಲ್ಲಿಸಿ, ಓರೆ ಸಾಲಿನಲ್ಲಿ ಸುಣ್ಣ ಹಾಕಿ ಕಟ್ಟಿದ್ದು. ಪಕ್ಕದ ಕೋಣೆಗೆ ಹೋದರೆ ತೊಲೆಗಳೆಲ್ಲ ಉಕ್ಕಿನವು, ಕಿಟಕಿಯ ಮೇಲೆ ಕಾಂಕ್ರೀಟಿನ ಸಜ್ಜಾ. ಅದನ್ನು ಆಮೇಲೆ ಸೇರಿಸಿದ್ದಲ್ಲ. ಎರಡೂ ಗೋಡೆಗಳ ಇಟ್ಟಿಗೆ ಒಂದರೊಳಗೊಂದು ಹೆಣೆದುಕೊಂಡೇ ಮೇಲೆದ್ದಿವೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಈ ಮನೆಯಲ್ಲಿ ವೈರಿನ ಮರದ ಪಟ್ಟಿ ಕೂರಿಸಲು ಬೇಕಾದ ಮರದ ತುಂಡುಗಳನ್ನು ಗಾರೆ ಬಳಿಯುವ ಮೊದಲೇ ಗೋಡೆಗೆ ಇಟ್ಟಿದ್ದಾರೆ. ಕರೆಂಟು ಬಂದೇ ಬರುತ್ತದೆ ಎಂಬ ಭರವಸೆಯಲ್ಲಿ ಕಟ್ಟಿದ ಮನೆ ಇದು. ಸುಣ್ಣ ಗೊತ್ತಿದ್ದ ಮೇಸ್ತ್ರಿ ಕಾಂಕ್ರೀಟು ಕಲಿಯುತ್ತಿದ್ದ ಕಾಲ ಇಲ್ಲಿ ಕೈಗೆ ಸಿಗುತ್ತದೆ. ಇದಕ್ಕಿಂತ ಹಳೆಯ ಮನೆಯಲ್ಲೂ ಅದು ಕಾಣುವುದಿಲ್ಲ, ಹೊಸ ಮನೆಯಲ್ಲೂ ಕಾಣುವುದಿಲ್ಲ.

ಒಳಗಿನ ವ್ಯವಸ್ಥೆಯೂ ಹಾಗೆಯೇ. ಮುಂದೆ ಇಂಗ್ಲಿಷರ ಬಂಗಲೆಯಂತೆ ವರಾಂಡ, ತೋಟ. ಹಿಂದೆ ಹಂಡೆ ಹೂತ ಬಚ್ಚಲುಮನೆ, ಬಾವಿ, ತುಳಸಿಕಟ್ಟೆ. ಅದರ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಮಲ, ಕಸ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಕಿರುದಾರಿ. ಪ್ಲೇಗಿನ ಭಯದಿಂದ ಗಾಳಿ ಬೆಳಕಿಗೆ ಜಾಗ ಬಿಟ್ಟು ಮಾಡಿದ ಬಡಾವಣೆಯಲ್ಲಿ ಈ ಗಲ್ಲಿಗಳೂ ಒಂದು ಭಾಗ. ಮಲ ಹೊರುವವರು ಮುಂಬಾಗಿಲಿನ ಕಡೆ ಬರಬಾರದು ಅಂತ ಹಿಂದೆ ಒಂದು ಪುಟ್ಟ ಬಾಗಿಲು ಇಟ್ಟಿದ್ದರು. "ಅದನ್ನೆಲ್ಲಾ ಬರೀಬೇಕಾ?" ಎಂದು ಮಗ ಕೇಳಿದರು. ಬರೆಯಲೇಬೇಕು ಎಂದೆ. ಮಂಕಿ ಟಾಪಿನ ಚಂದವನ್ನು ಮಾತ್ರ ಬರೆದು ಆ ಬಾಗಿಲನ್ನು ಬಿಟ್ಟರೆ, ಆ ಮನೆಯನ್ನು ಸ್ವಚ್ಛವಾಗಿ ಇಟ್ಟವರ ಕಥೆಯನ್ನೇ ಬಿಟ್ಟಂತೆ. ಅಮ್ಮ ನನ್ನ ಮಾತಿಗೆ ಒಪ್ಪಿದರು.

ವರದಿಯಲ್ಲಿ "ಸುಂದರ", "ಭವ್ಯ" ಅಂತ ಎಲ್ಲೂ ಬರೆಯಲಿಲ್ಲ. ಆ ಮಾತಿನಿಂದ ಮೇಸ್ತ್ರಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇದು ಹೋದರೆ ಈ ಮನೆಯ ಬಗ್ಗೆ ನಮಗೆ ಏನು ತಿಳಿಯದೆ ಹೋಗುತ್ತದೆ? ಉತ್ತರ ನೋಡಿಕೊಂಡು ಮೂರು ಗುಂಪು ಮಾಡಿದೆ. ವರಾಂಡ, ಮಾಡು, ಮದ್ರಾಸ್ ತಾರಸಿ, ಉಕ್ಕಿನ ತೊಲೆಯ ಕೋಣೆ, ಹಿಂದಿನ ಪುಟ್ಟ ಬಾಗಿಲು ಮುಟ್ಟಬಾರದ್ದು. ರೆಡ್ ಆಕ್ಸೈಡ್ ನೆಲ ಎಚ್ಚರದಿಂದ ನೋಡಿಕೊಳ್ಳಬೇಕಾದ್ದು. ಪೈಪಿಗೆ ಅಂತ ಒಂದು ಗೆರೆ ಅಗೆದರೂ ತೇಪೆಯ ಬಣ್ಣ ಹಳೆಯದಕ್ಕೆ ಹೊಂದುವುದೇ ಇಲ್ಲ, ಹಾಗಾಗಿ ಪೈಪುಗಳನ್ನು ಹೊರಗೋಡೆಯ ಮೇಲೆ ಹಾಕಿಸಿದೆ. ಅಡುಗೆಮನೆ ಆಗಲೇ ಪೂರ್ತಿ ಬದಲಾಗಿತ್ತು, ಅಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಅಂದೆ. ಕೆಡವಬೇಕು ಎನ್ನುತ್ತಿದ್ದ ಮಗಳಿಗೆ ಮನಸ್ಸು ಬದಲಾದದ್ದು ಇದನ್ನು ಕೇಳಿ. ಆಕೆಗೆ ಬೇಕಿದ್ದದ್ದೇ ಒಳ್ಳೆಯ ಅಡುಗೆಮನೆ ಮತ್ತು ಸೋರದ ಹಾಲ್.

ಸೋರುತ್ತಿದ್ದದ್ದು ತಾರಸಿ. ಯಾರೋ ಅದರ ಮೇಲೆ ಸಿಮೆಂಟು ಬಳಿದಿದ್ದರು. ಸುಣ್ಣ ಉಸಿರಾಡಬೇಕು. ಮೇಲೆ ಸಿಮೆಂಟು ಬಿದ್ದರೆ ಬಿರುಕಿನಿಂದ ಇಳಿದ ನೀರು ಹೊರಗೆ ಹೋಗಲು ದಾರಿ ಇಲ್ಲದೆ ಮರದ ತೊಲೆಗೆ ಇಳಿಯುತ್ತದೆ. ಆ ಪದರವನ್ನು ಸಣ್ಣ ಉಳಿಯಲ್ಲಿ ನಿಧಾನವಾಗಿ ಬಿಡಿಸಿದೆವು. ಸುಣ್ಣ, ಇಟ್ಟಿಗೆ ಜಲ್ಲಿ ಹರಡಿ, ಅಳಲೆಕಾಯಿ ಮತ್ತು ಬೆಲ್ಲದ ನೀರು ಚಿಮುಕಿಸುತ್ತಾ ಮರದ ಕೊಡತಿಯಿಂದ ತಟ್ಟಿಸಿದೆವು. ಈ ಕೆಲಸ ಬಲ್ಲವರು ಈಗ ಕಡಿಮೆ. 2004ರಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಒಪ್ಪಿಕೊಂಡ ಸನ್ನದಿನಲ್ಲಿ, ಕಾನೂನಿನ ರಕ್ಷಣೆ ಇಲ್ಲದ ಕಟ್ಟಡಗಳ ಜೊತೆಗೆ ಇಂಥ ಜೀವಂತ ಕಸುಬಿಗೂ ಜಾಗ ಕೊಟ್ಟಿದ್ದಾರೆ. ಈ ತಾರಸಿ ಮೇಲೆ ಇಬ್ಬರು ಹುಡುಗರು ಹಿರಿಯ ಮೇಸ್ತ್ರಿಯ ಪಕ್ಕ ಕೂತು ತಟ್ಟುವುದನ್ನು ಕಲಿತರು. ನನಗೆ ಅದೂ ಮನೆ ಉಳಿದಷ್ಟೇ ಮುಖ್ಯ.

ಪಕ್ಕದ ಖಾಲಿ ಜಾಗದ ತೀರ್ಮಾನ ಇನ್ನೂ ಆಗಿಲ್ಲ. ಮಾರುಕಟ್ಟೆಯ ಕಣ್ಣಿರುವುದು ಮನೆಗಿಂತ ಅದರ ಮೇಲೆ. ಅಲ್ಲಿ ಏನಾದರೂ ಕಟ್ಟಿದರೆ ವರಾಂಡದ ಮಾಡಿಗಿಂತ ಎತ್ತರ ಹೋಗದಿರಲಿ, ರಸ್ತೆಯಿಂದ ಮನೆಯಷ್ಟೇ ಹಿಂದೆ ಇರಲಿ ಅಂತ ಬರೆದುಕೊಟ್ಟಿದ್ದೇನೆ. ವರದಿಯ ಒಂದು ಪ್ರತಿಯನ್ನು ಖಾತೆ, ಕಂದಾಯ ರಸೀದಿಗಳ ಜೊತೆಗೇ ಇಡಿ ಎಂದೆ. ಮುಂದೆ ಮನೆ ಯಾರ ಕೈಗೆ ಹೋದರೂ ಆಸ್ತಿ ಪತ್ರಗಳ ಜೊತೆ ಅದೂ ಹೋಗಲಿ.