ಮೊದಲು ತಟ್ಟೆ ತೊಳಿ, ಆಮೇಲೆ ಪ್ರಶ್ನೆ ಕೇಳು

ನಾನು ತುಮಕೂರು ಕಡೆಯವನು, ಬೀದರಿಗೆ ಪೋಸ್ಟಿಂಗ್ ಆಗಿ ಹತ್ರ ಹತ್ರ ಒಂಬತ್ತು ವರ್ಷ, ಸಮಾಜ ವಿಜ್ಞಾನದ ಮೇಷ್ಟ್ರು. ಎಂಟನೇ ಕ್ಲಾಸಿನ ಮಕ್ಕಳನ್ನ ಎಲ್ಲಾ ಧರ್ಮದವರ ಜಾಗಕ್ಕೂ ಕರ್ಕೊಂಡು ಹೋಗಿ ಅಲ್ಲಿ ಕೆಲಸ ಮಾಡಿಸ್ತೀನಿ ಅಂದಾಗ ಸ್ಟಾಫ್ ರೂಮಲ್ಲಿ ನಕ್ಕವರೇ ಜಾಸ್ತಿ. "ಸುಮ್ನ ಪೋರ್ಷನ್ ಮುಗಸ್ರೀ ಸರ, ಯಾಕ ಮೈಮ್ಯಾಲ ಹಾಕ್ಕೋತೀರಿ" ಅಂದ್ರು. ಈಗ ಮೂರನೇ ವರ್ಷ, ನಡೀತಿದೆ, ಅದಕ್ಕೇ ಬರೀತಿದೀನಿ.

ಮೊದಲನೇ ವರ್ಷ ಪೂರ್ತಿ ಫ್ಲಾಪ್. ಧರ್ಮ, ಸ್ಥಾಪಕರು, ಗ್ರಂಥ, ಹಬ್ಬ ಅಂತ ನಾಲ್ಕು ಕಾಲಂ ಚಾರ್ಟ್ ಮಾಡಿಸಿದ್ದೆ. ಎಲ್ರೂ ಬಾಯಿಪಾಠ ಮಾಡಿ ಇಪ್ಪತ್ತಕ್ಕೆ ಹದಿನೆಂಟು ತಗೊಂಡ್ರು. ಒಬ್ಬ ಹುಡುಗಿ ಮಾತ್ರ "ಸರ, ಹಿಂದೂ ಧರ್ಮಕ್ಕ ಸ್ಥಾಪಕರ ಕಾಲಂದಾಗ ಏನ್ ಬರೀಲಿ" ಅಂದ್ಲು ನೋಡಿ, ಚಾರ್ಟೇ ತಪ್ಪು ಅಂತ ಅವತ್ತು ತಲೆಗೆ ಹೋಯ್ತು. ಆಮೇಲೆ ಒಂದು ಭಾನುವಾರ ಮಿನಿ ಬಸ್ ಮಾಡ್ಕೊಂಡು ಇಲ್ಲಿನ ಸಿಖ್ಖರ ಗುರುದ್ವಾರ ನಾನಕ್ ಝೀರಾಕ್ಕೆ ಹೋದ್ವಿ. ರಶ್ಶೋ ರಶ್ಶು, ಮಾತಾಡಕ್ಕೆ ಯಾರಿಗೂ ಪುರುಸೊತ್ತಿಲ್ಲ, ನಮ್ಮ ಹುಡುಗ್ರು ಎಲ್ಲರಿಗೂ ಫ್ರೀ ಊಟ ಹಾಕೋ ಅಲ್ಲಿನ ಲಂಗರ್‌ನಲ್ಲಿ ತಟ್ಟೆ ತುಂಬ ಹಾಕಿಸ್ಕೊಂಡು ಅರ್ಧ ಬಿಟ್ಟು ಎದ್ದು ಬಂದ್ರು, ನನ್ನ ಮಾನ ಹೋಯ್ತು, ಜೇಬಿಂದ ಮೂರೂವರೆ ಸಾವಿರಾನೂ ಹೋಯ್ತು.

ಎರಡನೇ ವರ್ಷ ಉಲ್ಟಾ ಮಾಡಿದೆ. ಪಾಠ ಇಲ್ಲ, ಚಾರ್ಟ್ ಇಲ್ಲ. ಮೊದಲು ಒಂದು ಗಂಟೆ ಕೆಲಸ, ಆಮೇಲೆ ಅಲ್ಲಿಯವರನ್ನೇ ಪ್ರಶ್ನೆ ಕೇಳೋದು, ಅದೂ ಕಣ್ಣಾರೆ ನೋಡಿದ್ದರ ಬಗ್ಗೆ ಮಾತ್ರ. ವಾರದ ಮಧ್ಯೆ, ಬೆಳಿಗ್ಗೆ, ಹದಿನೈದೇ ಮಕ್ಕಳು. ಸಿಟಿ ಬಸ್ಸಲ್ಲಿ ಶಕ್ತಿ ಯೋಜನೆ ಇರೋದ್ರಿಂದ ಹುಡುಗೀರಿಗೆ ಫ್ರೀ, ಹುಡುಗರ ಟಿಕೆಟ್ಟು, ತಲೆಗೆ ಕಟ್ಟಕ್ಕೆ ಕರ್ಚೀಫು ಎಲ್ಲಾ ಸೇರಿ ಒಂದು ಟ್ರಿಪ್‌ಗೆ ಮುನ್ನೂರರ ಒಳಗೆ. ಪೇರೆಂಟ್ಸನ್ನ ಹೇಗೆ ಒಪ್ಪಿಸಿದೆ ಅಂತ ಎಲ್ರೂ ಕೇಳ್ತಾರೆ, ಅದನ್ನ ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕರೆ ಹೇಳ್ತೀನಿ.

ಲಂಗರ್‌ನಲ್ಲಿ ತಟ್ಟೆ ತೊಳಿಯಕ್ಕೆ ಬಿಟ್ಟರೆ ಹುಡುಗರು ಮೊಣಕೈವರೆಗೂ ಸೋಪು ಮಾಡ್ಕೊಂಡು ಅರ್ಧ ನೀರು ನೆಲಕ್ಕೆ ಚೆಲ್ಲಿದ್ರು. ಅಲ್ಲಿದ್ದ ಅಜ್ಜ ಬೈಯಲಿಲ್ಲ, ಪಕ್ಕದಲ್ಲಿ ನಿಂತು ತಾನೇ ನಾಲ್ಕು ತಟ್ಟೆ ತೊಳೆದು ತೋರಿಸಿದ. ಗುರು ನಾನಕರು ಕಲ್ಲು ಸರಿಸಿದ್ದಕ್ಕೆ ಇಲ್ಲಿ ಸಿಹಿನೀರಿನ ಝರಿ ಬಂತು ಅನ್ನೋ ಕಥೆ ಹೇಳಿ, 1699ರಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ, ಅಂದ್ರೆ ದೀಕ್ಷೆ ತಗೊಂಡ ಸಿಖ್ಖರ ಪಂಥ, ಮಾಡಿದಾಗ ಮುಂದೆ ಬಂದ ಐದು ಜನರಲ್ಲಿ ಒಬ್ಬರು, ಭಾಯಿ ಸಾಹಿಬ್ ಸಿಂಗ್, ನಿಮ್ಮ ಬೀದರಿನವರೇ, ಕ್ಷೌರಿಕರು ಅಂದ. ಸಲೂನ್ ಇಟ್ಕೊಂಡಿರೋರ ಮಗ ಒಬ್ಬ ನಮ್ಮ ಕ್ಲಾಸಲ್ಲಿದಾನೆ, ಬಾಯೇ ಬಿಡದ ಹುಡುಗ. ಅವತ್ತು ಬಸ್ಸಲ್ಲಿ ಅವನೇ ಎಲ್ಲರಿಗೂ ಆ ಕಥೆ ಹೇಳ್ತಾ ಬಂದ, ಮೂರು ಸಲ, ಒಂದೊಂದು ಸಲಾನೂ ಸ್ವಲ್ಪ ಉದ್ದ.

ಮಧ್ಯೆ ಇನ್ನೊಂದು ಕಿತಾಪತಿ ಮಾಡಿದೆ. ಗಣಿತದ ಮೇಷ್ಟ್ರನ್ನ ಹಿಡ್ಕೊಂಡು ಪಾಕೆಟ್ ಮನಿ ಮೇಲೆ ಜಕಾತ್, ಅಂದ್ರೆ ಮುಸ್ಲಿಮರು ಕಡ್ಡಾಯವಾಗಿ ಕೊಡೋ ದಾನದ ಲೆಕ್ಕ, ಎರಡೂವರೆ ಪರ್ಸೆಂಟ್. ಹತ್ತು ರೂಪಾಯಿಗೆ ನಾಲ್ಕಾಣೆ ಬಂತು, ಆ ನಾಣ್ಯ 2011ರಲ್ಲೇ ನಿಂತೋಗಿದೆ ಅಂತ ಮಕ್ಕಳು ನಕ್ಕರು. ಉರ್ದು ಮೇಡಮ್ ಕೇಳಿಸ್ಕೊಂಡು ಬಂದು, ಜಕಾತ್ ಖರ್ಚಿನ ದುಡ್ಡಿಗಲ್ಲ ಸರ್, ಇಷ್ಟು ಅಂತ ಒಂದು ಮಿತಿ ಇದೆ, ಅದನ್ನ ದಾಟಿ ವರ್ಷ ಪೂರ್ತಿ ಉಳಿದ ದುಡ್ಡಿಗೆ ಅಂತ ನನ್ನನ್ನೇ ತಿದ್ದಿದ್ರು. ಮಕ್ಕಳ ಎದುರಿಗೇ. ಸಿಖ್ಖರ ದಾನ ದಸ್ವಂಧ್, ದುಡಿಮೆಯ ಹತ್ತರಲ್ಲಿ ಒಂದು ಪಾಲು, ಅದು ಸುಲಭದ ಲೆಕ್ಕ, ಬೇಗ ಮುಗೀತು.

ರಂಜಾನಲ್ಲಿ ಮಧ್ಯಾಹ್ನ ಮಸೀದಿಗೆ ಹೋಗ್ಬೇಡಿ, ಉಪವಾಸದಲ್ಲಿ ಅವರು ಸುಸ್ತಾಗಿರ್ತಾರೆ, ನಾನು ಹೋಗಿ ಪೆಚ್ಚಾದೆ. ಇಫ್ತಾರ್‌ಗೆ ಮುಂಚೆ ಹೋಗಿ ಹಣ್ಣು ಹೆಚ್ಚಿ ಕೊಡಿ. ಚರ್ಚಿಗೆ ಶನಿವಾರ, ಬೆಂಚು ಒರೆಸಕ್ಕೆ. ಬಸವಕಲ್ಯಾಣಕ್ಕೆ ಮಾತ್ರ ಇಡೀ ದಿನ ಬೇಕು. ದಾಸೋಹ ಅಂದ್ರೆ ಏನು ಅಂತ ಸಿದ್ಧಗಂಗೆಯಲ್ಲಿ ಉಂಡು ಬೆಳೆದ ನಾನು ದೊಡ್ಡ ಭಾಷಣ ಶುರು ಮಾಡಿದ್ರೆ, ಒಬ್ಬ ಹುಡುಗಿ "ಲಂಗರ್‌ದಂಗೇ ಅಲ್ರೀ ಸರ, ಮೊದ್ಲ ಸೌಟ ಕೊಡ್ರಿ" ಅಂದ್ಲು.

ಈ ವರ್ಷ ಕಲಬುರಗಿಯ ಬುದ್ಧ ವಿಹಾರ ಬಾಕಿ ಇದೆ, ರೈಲಲ್ಲಿ ಹೋದ್ರೆ ತಲೆಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕ್ತಾ ಕೂತಿದೀನಿ.