ನಿನ್ನೆಯ ಹಸಿರು

ನವೆಂಬರ್‌ನ ಒಂದು ಬುಧವಾರ, ಬೆಳಗಿನ 6 ಗಂಟೆ 10 ನಿಮಿಷ. ಸ್ಕ್ರೀನ್ ಪೂರ್ತಿ ಹಸಿರಾಗಿತ್ತು. ಒಂದೂ ಜಾಬ್ ಫೇಲ್ ಆಗಿರಲಿಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕ್ಯಾಬ್‌ಗೆ ಹೊರಡುವಷ್ಟರಲ್ಲಿ ಡೆಸ್ಕ್ ಫೋನ್ ಹೊಡೆದುಕೊಂಡಿತು. ಸಿಂಗಪುರದವರು. ‘ನೀವು ಕಳಿಸಿದ ರಿಪೋರ್ಟ್ ನಿನ್ನೆಯದು.’

ನಮ್ಮ ಲೀಡ್ ಮೇಡಂ ನನ್ನ ಸ್ಕ್ರೀನ್ ನೋಡಿದರು. ‘ಏನ್ರೀ, ಎಲ್ಲಾ ಹಸಿರಾಗೇ ಇದೆಯಲ್ಲ, ಮತ್ಯಾಕೆ ಕೂಗಾಡ್ತಿದಾರೆ?’

ನನಗೂ ಅದೇ ಪ್ರಶ್ನೆ.

ಆಗ ನಾನು ಬೆಂಗಳೂರಿನಲ್ಲಿ ಕೂತು ಲಂಡನ್ನಿನ ಒಂದು ಬ್ಯಾಂಕಿನ ರಾತ್ರಿ ಬ್ಯಾಚ್, ಅಂದರೆ ರಾತ್ರಿ ತಾವಾಗೇ ಓಡುವ ಕಂಪ್ಯೂಟರ್ ಜಾಬ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಅವನ್ನು ಓಡಿಸುವ ಸಾಫ್ಟ್‌ವೇರ್ ಆಟೋಸಿಸ್. ಈಗ ಅದು ಬ್ರಾಡ್‌ಕಾಮ್ ಕೈಯಲ್ಲಿದೆ, 2018ರಲ್ಲಿ ಸಿಎ ಕಂಪನಿಯನ್ನು ಕೊಂಡಾಗ ಜೊತೆಗೇ ಬಂದದ್ದು. ಯಾವ ಜಾಬ್ ಯಾವ ದಿನ, ಎಷ್ಟು ಗಂಟೆಗೆ, ಯಾವ ಮಷೀನಿನಲ್ಲಿ, ಯಾವುದರ ನಂತರ ಓಡಬೇಕು ಅನ್ನೋದನ್ನು ಜಿಲ್ ಅನ್ನುವ ಭಾಷೆಯಲ್ಲಿ ಬರೆದು ಲೋಡ್ ಮಾಡಬೇಕು. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್‌ನ ಕ್ರಾನ್ ಗೊತ್ತಿದ್ದವರಿಗೆ ಮೊದಲ ದಿನ ಇದು ಸುಮ್ನೆ ದೊಡ್ಡ ಕ್ರಾನ್ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಕ್ರಾನ್‌ಗೆ ಗಡಿಯಾರ ಮಾತ್ರ ಗೊತ್ತು. ಇದಕ್ಕೆ ಪಕ್ಕದ ಜಾಬ್ ಏನಾಯಿತು ಅನ್ನೋದೂ ಗೊತ್ತು. ನಾನು ಎಡವಿದ್ದು ಅಲ್ಲೇ.

ಎರಡು ಜಾಬ್‌ಗಳಿದ್ದವು. ಮೊದಲನೆಯದು ಎಕ್ಸ್‌ಟ್ರಾಕ್ಟ್, ಡೇಟಾ ತೆಗೆಯುವುದು. ಬೇರೆ ಸಿಸ್ಟಮ್‌ನಿಂದ ಫೈಲ್ ಬಂದು ಬಿದ್ದ ಕೂಡಲೇ ಶುರುವಾಗುತ್ತಿತ್ತು, ಸಾಮಾನ್ಯವಾಗಿ ಲಂಡನ್ ಸಮಯ ರಾತ್ರಿ 10.45ರೊಳಗೆ ಮುಗಿಯುತ್ತಿತ್ತು. ಎರಡನೆಯದು ರಿಪೋರ್ಟ್. ಅದು 11.30ಕ್ಕೆ, ಚಳಿಗಾಲದಲ್ಲಿ ನಮಗೆ ಬೆಳಗಿನ 5 ಗಂಟೆ, ಸಿಂಗಪುರಕ್ಕೆ 7.30. ಅವರು ಆಫೀಸಿಗೆ ಬರುವಷ್ಟರಲ್ಲಿ ಮೇಲ್ ಹೋಗಿರಬೇಕು. ರಿಪೋರ್ಟ್‌ಗೆ ನಾನು ಹಾಕಿದ್ದು ಎರಡೇ ಷರತ್ತು: ಗಂಟೆ 11.30 ಆಗಿರಬೇಕು, ಎಕ್ಸ್‌ಟ್ರಾಕ್ಟ್ ಸಕ್ಸೆಸ್ ಆಗಿರಬೇಕು. ಓದೋದಕ್ಕೆ ಎಷ್ಟು ಸರಿಯಾಗಿದೆ, ಅಲ್ವಾ?

ಬ್ಯಾಗ್ ಕೆಳಗಿಟ್ಟು, ಜಾಬ್ ಕಳೆದ ಸಲ ಯಾವಾಗ ಓಡಿತು, ಏನಾಯಿತು ಅಂತ ತೋರಿಸುವ ಆಟೊರೆಪ್ ಕಮಾಂಡ್ ಕೊಟ್ಟೆ. ಎರಡೇ ಸಾಲು. ರಿಪೋರ್ಟ್: ಲಾಸ್ಟ್ ಸ್ಟಾರ್ಟ್ ಮಂಗಳವಾರ ರಾತ್ರಿ 11.30, ಸ್ಟೇಟಸ್ ಸಕ್ಸೆಸ್. ಎಕ್ಸ್‌ಟ್ರಾಕ್ಟ್: ಲಾಸ್ಟ್ ಸ್ಟಾರ್ಟ್ ಮಂಗಳವಾರ ಕಳೆದು ಬುಧವಾರ 12.20. ಅಂದರೆ ರಿಪೋರ್ಟ್ ಓಡಿ ಐವತ್ತು ನಿಮಿಷ ಆದ ಮೇಲೆ ಎಕ್ಸ್‌ಟ್ರಾಕ್ಟ್ ಶುರುವಾಗಿದೆ. ಫೈಲ್ ಬಂದಿದ್ದೇ ತಡ. ಹಾಗಾದರೆ 11.30ಕ್ಕೆ ರಿಪೋರ್ಟ್ ಕಣ್ಣಿಗೆ ಬಿದ್ದ ಸಕ್ಸೆಸ್ ಯಾವುದು? ಸೋಮವಾರ ರಾತ್ರಿಯದು.

ಆಟೋಸಿಸ್‌ನಲ್ಲಿ ಒಂದು ಜಾಬ್ ಮತ್ತೆ ಶುರುವಾಗುವ ತನಕ ಅದರ ಹಳೆಯ ಸ್ಟೇಟಸ್ ಹಾಗೇ ನಿಂತಿರುತ್ತದೆ. ನಡುರಾತ್ರಿ ಆಯಿತು ಅಂತ ಯಾರೂ ಬಂದು ಒರೆಸುವುದಿಲ್ಲ. ‘ಸಕ್ಸೆಸ್ ಆಗಿದೆಯಾ?’ ಅಂತ ನಾನು ಕೇಳಿದ್ದೆ, ‘ಹೌದು’ ಅಂತ ಅದು ಹೇಳಿತ್ತು. ‘ಇವತ್ತು?’ ಅಂತ ನಾನು ಕೇಳಿರಲೇ ಇಲ್ಲ. ಮ್ಯಾನುಯಲ್‌ನಲ್ಲಿ ಇದೆಲ್ಲ ಸ್ಪಷ್ಟವಾಗೇ ಬರೆದಿದೆ. ಓದಿರಲಿಲ್ಲ, ಅಷ್ಟೇ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಎಲ್ಲಾ ಸರಿಯಾಗಿ ನಡೆದದ್ದು ಫೈಲ್ ದಿನಾ ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಕಾರಣಕ್ಕೆ, ನನ್ನ ಜಾಣತನದಿಂದಲ್ಲ.

ಸರಿಮಾಡಿದ್ದು ಹೀಗೆ. ಷರತ್ತಿನಲ್ಲಿ ಜಾಬ್ ಹೆಸರಾದ ಮೇಲೆ ಒಂದು ಕಾಮಾ ಹಾಕಿ ಲುಕ್‌ಬ್ಯಾಕ್, ಅಂದರೆ ಎಷ್ಟು ಹಿಂದಿನವರೆಗೆ ನೋಡಬೇಕು ಅನ್ನೋದನ್ನು ಕೊಡಬಹುದು. 04.00 ಅಂತ ಬರೆದರೆ ಹಿಂದಿನ 4 ಗಂಟೆಯೊಳಗೆ ಆದ ಸಕ್ಸೆಸ್ ಮಾತ್ರ ಲೆಕ್ಕಕ್ಕೆ. ಬರೀ ಸೊನ್ನೆ ಹಾಕಿದರೆ, ರಿಪೋರ್ಟ್ ಕಳೆದ ಸಲ ಓಡಿದ ಮೇಲೆ ಆದದ್ದು ಮಾತ್ರ. ಸೊನ್ನೆಯೇ ಚೆಂದ ಅನ್ನಿಸುತ್ತದೆ. ಶುಕ್ರವಾರ, ಸೋಮವಾರ ಅಂತ ಗಂಟೆ ಎಣಿಸುವ ತಲೆನೋವಿಲ್ಲ. ಆದರೆ ಮಧ್ಯಾಹ್ನ ಯಾರಾದರೂ ನಿನ್ನೆಯ ಡೇಟಾ ತಿದ್ದಿ ಎಕ್ಸ್‌ಟ್ರಾಕ್ಟನ್ನು ಮತ್ತೊಮ್ಮೆ ಓಡಿಸಿದರೆ, ಆ ಸಕ್ಸೆಸ್ಸನ್ನೂ ಸೊನ್ನೆ ಒಪ್ಪಿಕೊಂಡುಬಿಡುತ್ತದೆ. ನಮ್ಮಲ್ಲಿ ಅಂಥ ಮಧ್ಯಾಹ್ನಗಳು ಜಾಸ್ತಿ. ಅದಕ್ಕೇ 04.00 ಇಟ್ಟೆ.

ಎರಡನ್ನೂ ಒಂದೇ ಬಾಕ್ಸ್‌ನೊಳಗೆ, ಅಂದರೆ ಜಾಬ್‌ಗಳ ಒಂದು ಗುಂಪಿನೊಳಗೆ ಹಾಕುವುದು ಇನ್ನೊಂದು ದಾರಿ. ಬಾಕ್ಸ್ ಶುರುವಾದ ತಕ್ಷಣ ಒಳಗಿನ ಜಾಬ್‌ಗಳ ಸ್ಟೇಟಸ್ಸೆಲ್ಲ ಆಕ್ಟಿವೇಟೆಡ್ ಆಗುತ್ತದೆ, ನಿನ್ನೆಯ ಹಸಿರು ಅಳಿಸಿಹೋಗುತ್ತದೆ. ನಮಗೆ ಅದು ಆಗಿಬರಲಿಲ್ಲ. ಎಕ್ಸ್‌ಟ್ರಾಕ್ಟ್ ನಡೆಯುವುದು ಲಂಡನ್ ರಜೆ ನೋಡಿಕೊಂಡು, ರಿಪೋರ್ಟ್ ನಡೆಯುವುದು ಸೋಮವಾರದಿಂದ ಶುಕ್ರವಾರ.

ಕೊನೆಗೆ ಫೈಲ್ ಹೆಸರಿನಲ್ಲೇ ತಾರೀಖು ಬರುವ ಹಾಗೆ ಮಾಡಿಸಿದೆ. ರಿಪೋರ್ಟ್ ಸ್ಕ್ರಿಪ್ಟ್ ಇವತ್ತಿನ ತಾರೀಖಿನ ಫೈಲ್ ಸಿಗದಿದ್ದರೆ ತಾನೇ ಫೇಲ್ ಆಗುತ್ತದೆ. ಕೆಂಪು ಬಂದರೆ ನಾಲ್ಕು ಜನ ಎದ್ದು ನೋಡುತ್ತಾರೆ. ತಪ್ಪು ಹಸಿರನ್ನು ಯಾರೂ ನೋಡುವುದಿಲ್ಲ.

ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳಿಕೊಡುವುದು ಮಾತ್ರ ಇದಲ್ಲ, ಹೋಲ್ಡ್ ಮತ್ತು ಐಸ್. ಎರಡೂ ಜಾಬನ್ನು ನಿಲ್ಲಿಸುತ್ತವೆ. ಹೋಲ್ಡ್ ಅಂದರೆ ರೈಲ್ವೆ ಗೇಟ್ ಹಾಕಿದ ಹಾಗೆ. ಆ ಜಾಬ್‌ಗೆ ಕಾಯುವವೆಲ್ಲ ಹಿಂದೆ ಸಾಲಾಗಿ ನಿಲ್ಲುತ್ತವೆ. ಗೇಟ್ ತೆಗೆದ ಕೂಡಲೇ, ಷರತ್ತು ಪೂರೈಸಿದ್ದರೆ, ಆ ಜಾಬ್ ನುಗ್ಗುತ್ತದೆ, ಅದರ ಹಿಂದೆ ಅವೂ. ಐಸ್ ಅಂದರೆ ಬಸ್ಸು ಆ ಸ್ಟಾಪಿನಲ್ಲಿ ನಿಲ್ಲದೆ ಹೋದ ಹಾಗೆ. ಐಸ್ ಮೇಲಿರುವ ಜಾಬ್ ಮುಗಿದೇ ಹೋಗಿದೆ ಅಂದುಕೊಂಡು ಅದಕ್ಕೆ ಕಾಯುವವು ಓಡುತ್ತವೆ. ಐಸ್ ತೆಗೆದರೂ ಆ ಜಾಬ್ ಆಗಲೇ ಓಡುವುದಿಲ್ಲ, ಅದರ ಹೊತ್ತು ಮತ್ತೆ ಬರಬೇಕು. ಮಧ್ಯರಾತ್ರಿ ನಿದ್ದೆಗಣ್ಣಿನಲ್ಲಿ ಒಂದರ ಬದಲು ಇನ್ನೊಂದು ಒತ್ತಿದರೆ ಬೆಳಿಗ್ಗೆ ಇನ್ಸಿಡೆಂಟ್ ಕಾಲ್ ಗ್ಯಾರಂಟಿ.

ಟೈಮ್‌ಝೋನ್ ಬಗ್ಗೆ ಒಂದೇ ಮಾತು. ಜಾಬ್‌ನಲ್ಲಿ ಲಂಡನ್ ಅಂತ ಬರೆದುಬಿಡಿ, ನೀವೇ ಐದೂವರೆ ಗಂಟೆ ಕಳೆಯುವ ಲೆಕ್ಕಕ್ಕೆ ಹೋಗಬೇಡಿ. ಬೇಸಿಗೆಯಲ್ಲಿ ಅದು ನಾಲ್ಕೂವರೆ ಆಗುತ್ತದೆ. ಇನ್ನು ರಾತ್ರಿ 1ರಿಂದ 2ರೊಳಗೆ ಯಾವ ಜಾಬನ್ನೂ ಇಡಬೇಡಿ. ಮಾರ್ಚ್‌ನ ಕೊನೆಯ ಭಾನುವಾರ ಲಂಡನ್ನಿನಲ್ಲಿ ಆ ಒಂದು ಗಂಟೆ ಇರುವುದೇ ಇಲ್ಲ, ಅಕ್ಟೋಬರ್‌ನ ಕೊನೆಯ ಭಾನುವಾರ ಎರಡು ಸಲ ಬರುತ್ತದೆ.

ಕ್ಯಾಲೆಂಡರ್ ಕೆಲಸ ವರ್ಷಕ್ಕೊಮ್ಮೆ, ಡಿಸೆಂಬರ್‌ನಲ್ಲಿ ಮುಗಿಸಿಬಿಡುತ್ತಿದ್ದೆವು. ಮುಂದಿನ ವರ್ಷದ ಬ್ಯಾಂಕ್ ರಜೆಗಳನ್ನೆಲ್ಲ ಒಂದು ಎಕ್ಸ್‌ಕ್ಲೂಡ್ ಕ್ಯಾಲೆಂಡರಿಗೆ, ಅಂದರೆ ಜಾಬ್ ಓಡಬಾರದ ದಿನಗಳ ಪಟ್ಟಿಗೆ ತುಂಬಿದರೆ ಆಯಿತು. 2022ರಲ್ಲಿ ಅಷ್ಟು ಸಾಲಲಿಲ್ಲ. ಸೆಪ್ಟೆಂಬರ್ 8ರಂದು ರಾಣಿ ಎಲಿಜಬೆತ್ ತೀರಿಕೊಂಡರು. ಅಂತ್ಯಕ್ರಿಯೆಯ ದಿನ, 19ನೇ ತಾರೀಖು ಸೋಮವಾರ, ಬ್ಯಾಂಕ್ ರಜೆ ಅಂತ 10ಕ್ಕೆ ಗೊತ್ತಾಯಿತು. ಕ್ಯಾಲೆಂಡರಿಗೆ ಒಂದು ಸಾಲು ಸೇರಿಸಲು ಒಂದು ನಿಮಿಷ ಸಾಕು. ಆ ಒಂದು ಸಾಲಿನಿಂದ ಯಾವ ಜಾಬ್ ನಿಲ್ಲುತ್ತದೆ, ನಿಂತರೆ ಯಾರು ಯಾರಿಗೆ ಕಾಯುತ್ತಾರೆ ಅಂತ ಹುಡುಕುವುದಕ್ಕೆ ಮುಂದಿನ ವಾರವೆಲ್ಲ ಹೋಯಿತು.

ಹುಡುಕುವಾಗ ಸಿಕ್ಕಿದ್ದು ಯಾವುದು ಅಂತೀರಿ? ಅದೇ ಸಿಂಗಪುರದ ರಿಪೋರ್ಟ್. ಅವರಿಗೆ ರಜೆ ಇಲ್ಲ. ಸೋಮವಾರ ರಾತ್ರಿ 11.30ಕ್ಕೆ ಅದು ಎದ್ದು ಎಕ್ಸ್‌ಟ್ರಾಕ್ಟ್ ಕಡೆ ನೋಡುತ್ತದೆ. 4 ಗಂಟೆಯೊಳಗೆ ಸಕ್ಸೆಸ್ ಇಲ್ಲ. ಬೆಳಗಿನ ತನಕ ಕಾಯುತ್ತಲೇ ಕೂರುತ್ತದೆ. ನಾನೇ ಹಾಕಿದ ಬೀಗ!

ಮೊದಲೇ ಸಿಂಗಪುರಕ್ಕೆ ಮೇಲ್ ಹಾಕಿದೆ. ಲಂಡನ್ ಮುಚ್ಚಿರುತ್ತದೆ, ಮಂಗಳವಾರ ಬೆಳಿಗ್ಗೆ ಹೊಸ ಡೇಟಾ ಇರುವುದಿಲ್ಲ, ಶುಕ್ರವಾರದ ಫೈಲ್ ನಡೆಯುತ್ತದೆಯೇ? ನಡೆಯುತ್ತದೆ ಅಂದರು. ಬರವಣಿಗೆಯಲ್ಲಿ ಕೊಡಿ ಅಂದೆ, ಕೊಟ್ಟರು. ಮೇಡಂ ಆ ಮೇಲನ್ನು ಪ್ರಿಂಟ್ ತೆಗೆದು ನನ್ನ ಮಾನಿಟರ್‌ಗೆ ಅಂಟಿಸಿದರು.

ಆ ರಾತ್ರಿ ಬೋರ್ಡ್ ಹೆಚ್ಚುಕಡಿಮೆ ಖಾಲಿ. ನಮ್ಮ ಸಮಯ ಬೆಳಗಿನ 4ಕ್ಕೆ ಸ್ಕ್ರಿಪ್ಟ್‌ಗೆ ಶುಕ್ರವಾರದ ತಾರೀಖು ಕೊಟ್ಟೆ. ರಿಪೋರ್ಟ್ ಆಗಲೇ ಓಡುತ್ತಿಲ್ಲ ಅಂತ ಎರಡು ಸಲ ನೋಡಿಕೊಂಡೆ. ಓಡುತ್ತಿರುವ ಜಾಬನ್ನು ಫೋರ್ಸ್ ಸ್ಟಾರ್ಟ್ ಮಾಡಿದರೆ, ಅಂದರೆ ಷರತ್ತು ನೋಡದೆ ಶುರು ಮಾಡಿಸಿದರೆ, ಎರಡು ಪ್ರತಿ ಓಡುತ್ತವೆ. ಆಮೇಲೆ ಫೋರ್ಸ್ ಸ್ಟಾರ್ಟ್ ಒತ್ತಿದೆ. ಮೂರು ದಿನ ಹಳೆಯ ಡೇಟಾ, ಮೇಲೆ ದಪ್ಪ ಅಕ್ಷರದಲ್ಲಿ ಶುಕ್ರವಾರದ್ದು ಅನ್ನುವ ಸಾಲು. ಹಸಿರಾಯಿತು. 6.10ರವರೆಗೂ ಫೋನ್ ಕಡೆಗೇ ನೋಡುತ್ತಾ ಕೂತಿದ್ದೆ. ಅದು ಹೊಡೆದುಕೊಳ್ಳಲಿಲ್ಲ.