ಹಿಂದಿನ ರೂಮಿನ ಕೊತ್ತಂಬರಿಗೆ ಲೈಟ್ ಹುಡುಕಿದ್ದು

ನಮ್ಮದು ಕುವೆಂಪುನಗರದಲ್ಲಿ ಹಳೇ ಮನೆ. ಪಕ್ಕದ ಸೈಟಿನಲ್ಲಿ ಮೂರು ಅಂತಸ್ತು ಎದ್ದ ಮೇಲೆ ಹಿತ್ತಲಿಗೆ ಬಿಸಿಲು ಬೀಳುವುದೇ ನಿಂತಿತು. "ಒಂದು ಕಡ್ಡಿ ಕೊತ್ತಂಬರಿಗೂ ಅಂಗಡಿಗೆ ಹೋಗೋ ಹಾಗಾಯ್ತಲ್ಲಮ್ಮ" ಅಂತ ಅತ್ತೆ ದಿನಾ ಗೊಣಗುತ್ತಿದ್ದರು. ಸರಿ, ಹಿಂದಿನ ರೂಮಿನಲ್ಲಿ ನಾಲ್ಕಡಿ ಉದ್ದದ ಕಬ್ಬಿಣದ ರ್‍ಯಾಕ್ ಇಟ್ಟು, ಟ್ರೇಗಳಲ್ಲಿ ಕೊತ್ತಂಬರಿ, ಮೆಂತ್ಯ ಹಾಕಿದೆ. ಆನ್‌ಲೈನ್‌ನಲ್ಲಿ ಒಂದು ನೇರಳೆ ಬಣ್ಣದ ಗ್ರೋ ಲೈಟ್, ಅಂದರೆ ಮನೆಯೊಳಗೆ ಗಿಡ ಬೆಳೆಸುವ ಲೈಟ್, ತರಿಸಿದೆ. ಪೆಟ್ಟಿಗೆ ಮೇಲೆ '1000 ವ್ಯಾಟ್' ಅಂತ ದಪ್ಪಕ್ಷರದಲ್ಲಿತ್ತು.

ಮೊದಲ ದಿನ ಸಂಜೆಯೇ ಹಿಂದಿನ ಮನೆ ಹುಡುಗ ಕಿಟಕಿ ನೋಡಿ, "ಏನ್ ಆಂಟಿ, ಒಳಗೆ ಡಿಸ್ಕೋನಾ?" ಅಂದ.

ಹತ್ತು ದಿನಕ್ಕೆ ಕೊತ್ತಂಬರಿ ಮೊಳೆತಿತು. ಆದರೆ ಸಸಿಗಳು ನೂಲಿನ ಹಾಗೆ ಸಣ್ಣಗೆ ಉದ್ದವಾಗಿ, ಒಂದರ ಮೇಲೊಂದು ಒರಗಿಕೊಂಡವು. ಬೆಳಕು ಸಾಲದೆ ಗಿಡ ಮೇಲಕ್ಕೆ ಹುಡುಕಿಕೊಂಡು ಹೋಗುವ ರೀತಿ ಅದು. ಇನ್ನೊಂದು ಕಿರಿಕಿರಿ: ನೇರಳೆ ಬೆಳಕಿನಲ್ಲಿ ಎಲೆಗಳೆಲ್ಲ ಕಪ್ಪಗೆ ಕಾಣುತ್ತವೆ. ಮೆಂತ್ಯದ ಎಲೆ ಹಳದಿ ತಿರುಗಿದ್ದು ಟ್ರೇಯನ್ನು ಅಂಗಳಕ್ಕೆ ತಂದಾಗಲೇ ಗೊತ್ತಾಗಿದ್ದು. ಪ್ಲಗ್ಗಿಗೆ ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿದರೆ, ಆ ಲೈಟ್ ಎಳೆಯುತ್ತಿದ್ದದ್ದು 42 ವ್ಯಾಟ್! ತಪ್ಪು ನನ್ನದೂ ಇತ್ತು. ಸಾವಿರ ವ್ಯಾಟ್ ಅಂತ ನಂಬಿ, ಗಿಡ ಸುಟ್ಟೀತು ಅಂತ ಎರಡಡಿ ಮೇಲೆ ನೇತುಹಾಕಿದ್ದೆ.

ಆಮೇಲೆ ಸ್ವಲ್ಪ ಓದಿಕೊಂಡೆ. ಲ್ಯೂಮೆನ್ (ಲೈಟ್ ಕೊಡುವ ಒಟ್ಟು ಬೆಳಕು), ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕು) ಎಲ್ಲ ನಮ್ಮ ಕಣ್ಣಿನ ಲೆಕ್ಕ. ಕಣ್ಣಿಗೆ ಹಸಿರು ಬೆಳಕು ಜಾಸ್ತಿ ಕಾಣುತ್ತದೆ, ಆ ಲೆಕ್ಕದಲ್ಲಿ ಅದಕ್ಕೇ ಜಾಸ್ತಿ ಬೆಲೆ. ಗಿಡಕ್ಕೆ ಬೇಕಾದದ್ದು 400ರಿಂದ 700 ನ್ಯಾನೋಮೀಟರ್ ತರಂಗದ ನಡುವಿನ, ಅಂದರೆ ನೇರಳೆಯಿಂದ ಕೆಂಪಿನವರೆಗಿನ ಬೆಳಕು ಎಲೆ ಮೇಲೆ ಎಷ್ಟು ಬೀಳುತ್ತದೆ ಅನ್ನೋದು. ಅದಕ್ಕೆ ಪಿಪಿಎಫ್‌ಡಿ ಅನ್ನುತ್ತಾರೆ, ಮೈಕ್ರೊಮೋಲ್‌ನಲ್ಲಿ, ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳ ಎಣಿಕೆಯಲ್ಲಿ, ಹೇಳುತ್ತಾರೆ. ಅದನ್ನು ಅಳೆಯುವ ಮೀಟರ್ ನಮ್ಮಂಥವರಿಗೆ ದುಬಾರಿ. ಬಿಳಿ ಎಲ್‌ಇಡಿ ಆದರೆ ಒಂದು ಅಡ್ಡದಾರಿ ಇದೆ: ಲಕ್ಸ್ ಅಳೆದು ಸುಮಾರು 70ರಿಂದ ಭಾಗಿಸಿದರೆ ಹತ್ತಿರದ ಅಂದಾಜು ಸಿಗುತ್ತದೆ. ನೇರಳೆ ಲೈಟಿಗೆ ಈ ಲೆಕ್ಕ ನಡೆಯಲ್ಲ.

ಗಿಡಕ್ಕೆ ಕೆಂಪು, ನೀಲಿ ಎರಡೇ ಸಾಕು ಅಂತ ನಾನೂ ನಂಬಿದ್ದೆ. ಹಾಗೇನಿಲ್ಲ. ಹಸಿರು ಬೆಳಕನ್ನೂ ಎಲೆ ಬಹಳಷ್ಟು ಬಳಸಿಕೊಳ್ಳುತ್ತದೆ. ಹಾಗಾಗಿ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ 20 ವ್ಯಾಟಿನ ನಾಲ್ಕಡಿ ಎಲ್‌ಇಡಿ ಟ್ಯೂಬ್ ನಾಲ್ಕು ತಂದೆ. ಬೆಳಕಿನ ಬಣ್ಣ 6500 ಕೆಲ್ವಿನ್, ಅಂದರೆ ನೀಲಿ ಛಾಯೆಯ ಬಿಳಿ, ಅಂಗಡಿಯವರ ಮಾತಿನಲ್ಲಿ ಕೂಲ್ ಡೇಲೈಟ್. ಅದರಲ್ಲಿ ನೀಲಿ ಪಾಲು ಜಾಸ್ತಿ, ಸೊಪ್ಪು ಕುಳ್ಳಗೆ ದಟ್ಟವಾಗಿ ಬರುತ್ತದೆ. "ಗಿಡಕ್ಕಾ ಮೇಡಂ?" ಅಂತ ಅಂಗಡಿ ಹುಡುಗ ಎರಡು ಸಲ ಕೇಳಿದ.

ಟ್ಯೂಬುಗಳನ್ನು ಸರಪಳಿಯಲ್ಲಿ ನೇತುಹಾಕಿ, ಎಲೆಯಿಂದ ಒಂದು ಗೇಣು ಮೇಲಿಟ್ಟೆ. ಲಕ್ಸ್ ಮೀಟರನ್ನು ಎಲೆ ಮಟ್ಟದಲ್ಲಿ ಹಿಡಿದರೆ 12,000. ಅಂದರೆ ಸುಮಾರು 170 ಮೈಕ್ರೊಮೋಲ್. ಎರಡಡಿ ಮೇಲೆತ್ತಿದರೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದೇ ರೂಮಿನ ಕಿಟಕಿ ಹತ್ತಿರ ಮಧ್ಯಾಹ್ನ ಬರೀ 800 ಲಕ್ಸ್! ಅಷ್ಟು ಬೆಳಕಿದೆಯಲ್ಲಾ ಅಂತ ನಾವು ಅಂದುಕೊಳ್ಳುವ ಜಾಗ ಗಿಡಕ್ಕೆ ಕತ್ತಲೆ ಕೋಣೆ.

ದಿನಕ್ಕೆ 14 ಗಂಟೆ ಉರಿಸುತ್ತೇನೆ. ಕೊತ್ತಂಬರಿಗೆ ಇನ್ನೂ ಜಾಸ್ತಿ ಹೊತ್ತು ಕೊಟ್ಟರೆ ಬೇಗ ಹೂ ಕಡ್ಡಿ ಎಬ್ಬಿಸುತ್ತದೆ. ಕರೆಂಟು 80 ವ್ಯಾಟ್‌ನಂತೆ ದಿನಕ್ಕೆ 1.12 ಯೂನಿಟ್, ತಿಂಗಳಿಗೆ 34 ಯೂನಿಟ್ ಹತ್ತಿರ. ಸೊಪ್ಪಿನ ಬೆಲೆ ಇಳಿದಾಗ ಇದು ಲಾಭವಲ್ಲ, ಒಪ್ಪಿಕೊಳ್ಳುತ್ತೇನೆ. ಅತ್ತೆಯ ಮುಂದೆ ಮಾತ್ರ ಹೇಳಿಲ್ಲ.

ಟೈಮರ್ ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆ. ಮೊದಲು ತಂದದ್ದು ತಿರುಗುವ ಚಕ್ರದ್ದು. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಮಳೆಗಾಲದಲ್ಲಿ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಬಿದ್ದು, ಒಂದು ದಿನ ಸರಿರಾತ್ರಿಯಲ್ಲಿ ರೂಮೆಲ್ಲ ಬೆಳಕು. ಕಳ್ಳ ಬಂದ ಅಂತ ನಮ್ಮ ಯಜಮಾನ್ರು ಕೋಲು ಹಿಡಿದು ಎದ್ದಿದ್ದರು. ಈಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಇದೆ. ಅಂದಹಾಗೆ, ನೀರು ಹಾಕುವ ಮುಂಚೆ ಪ್ಲಗ್ ಕಿತ್ತುಬಿಡಿ.

ಮೆಂತ್ಯ 25 ದಿನಕ್ಕೆ ಕೀಳಲು ಸಿಗುತ್ತದೆ. ಕೊತ್ತಂಬರಿಗೆ ಒಂದೂವರೆ ತಿಂಗಳು ಬೇಕು, ಆದರೆ ಕಡ್ಡಿ ಗಟ್ಟಿ, ಚಿವುಟಿದರೆ ಕೈಯೆಲ್ಲ ಘಮ. ಆಸೆಗೆ ಬಿದ್ದು ಮೆಣಸಿನ ಗಿಡವನ್ನೂ ಅದರಡಿಗೆ ಇಟ್ಟೆ. ಹೂ ಬಿಟ್ಟಿತು, ಉದುರಿತು, ಮತ್ತೆ ಬಿಟ್ಟಿತು, ಮತ್ತೆ ಉದುರಿತು. ಕಾಯಿ ಕಟ್ಟಲು ಇದರ ಎರಡರಷ್ಟಾದರೂ ಬೆಳಕು ಬೇಕು. ಆ ಕುಂಡ ಈಗ ತಂಗಿ ಮನೆ ತಾರಸಿ ಮೇಲಿದೆ.